ತುಂಬಿದ ನೆತ್ತಿ

ಉದ್ಯಾವರ ದಾಟಿದ ಮೇಲೆ ಬಸ್ಸು ಒಂದು ಹೊಂಡಕ್ಕೆ ಇಳಿದು ಎದ್ದಾಗ ಸ್ಟ್ಯಾನಿಸ್ಲಾಸನ ತಲೆ ಕಿಟಕಿಯ ಸರಳಿಗೆ ಬಡಿಯಿತು. ಪಕ್ಕದಲ್ಲಿ ಕೂತಿದ್ದ ಮುದುಕ, "ಪೆಟ್ಟಾಯಿತಾ ಮಾರಾಯ್ರೇ?" ಎಂದು ಕೇಳಿದ. ಇಲ್ಲವೆಂದು ಸ್ಟ್ಯಾನಿಸ್ಲಾಸ್ ಕೈಯಾಡಿಸಿದ. ನಿಜವಾಗಿಯೂ ಆಗಿರಲಿಲ್ಲ. ಚರ್ಮ ಸ್ವಲ್ಪ ಉರಿಯಿತು, ಅಷ್ಟೇ. ಒಳಗೆ ಏನಾಯಿತೆಂಬುದು ಅವನಿಗೆ ಗೊತ್ತಿತ್ತು. ಚರ್ಮದ ಕೆಳಗೆ ಎಲುಬು, ಎಲುಬಿನ ಕೆಳಗೆ ಚಕ್ಕಳದಂಥ ಒಂದು ಪೊರೆ, ಅದರ ಕೆಳಗೆ ಜೇಡರ ಬಲೆಯಂಥ ಇನ್ನೊಂದು, ಬಲೆಯ ಎಳೆಗಳ ನಡುವೆ ತಿಳಿನೀರು. ಆ ನೀರಿನಲ್ಲಿ ಮೆದುಳು, ದಡಕ್ಕೆ ಕಟ್ಟಿದ ದೋಣಿಯಂತೆ, ಒಮ್ಮೆ ಆಚೆ ಸರಿದು ಮರಳಿ ಬಂದು ನಿಂತಿರುತ್ತದೆ. ಹೊರಗೆ ತೆಗೆದು ತಕ್ಕಡಿಗೆ ಹಾಕಿದರೆ ಒಂದೂವರೆ ಕಿಲೋಗೆ ತುಸು ಕಡಿಮೆ ತೂಗುವ ವಸ್ತು, ತನ್ನ ನೀರಿನೊಳಗೆ ತೇಲುವಾಗ ಒಂದು ಕೋಳಿಮೊಟ್ಟೆಯಷ್ಟೇ ಭಾರ. ಈ ಮೊಟ್ಟೆಯ ಮಾತನ್ನು ಅವನು ಮಣಿಪಾಲದ ಕಾಲೇಜಿನಲ್ಲಿ ಪ್ರತಿ ವರ್ಷ ಮೊದಲ ವರ್ಷದ ಹುಡುಗರಿಗೆ ಹೇಳುತ್ತಿದ್ದ. ಇಡೀ ದೇಹದಲ್ಲಿ ಇಷ್ಟು ಮುದ್ದು ಮಾಡಿಸಿಕೊಳ್ಳುವ ಅಂಗ ಇನ್ನೊಂದಿಲ್ಲ, ಎನ್ನುತ್ತಿದ್ದ. ಹೃದಯ ತಳ್ಳುವ ರಕ್ತದಲ್ಲಿ ಐದನೆಯ ಒಂದು ಪಾಲು ಇದಕ್ಕೇ ಬೇಕು. ಉಪವಾಸ ಬಿದ್ದವನ ಕೈಕಾಲು ಕರಗುತ್ತದೆ, ಮುಖ ಕರಗುತ್ತದೆ, ಮೆದುಳು ಮಾತ್ರ ಕೊನೆಯವರೆಗೂ ಉಣ್ಣುತ್ತಿರುತ್ತದೆ. ಉಳಿದವೆಲ್ಲ ತಮ್ಮ ತುತ್ತನ್ನು ಅದಕ್ಕೆ ಬಿಟ್ಟುಕೊಡುತ್ತವೆ. ಹುಡುಗರು ಬರೆದುಕೊಳ್ಳುತ್ತಿದ್ದರು. ಹಿಂದಿನ ಬೆಂಚಿನವರು ಮೊಟ್ಟೆಯ ಮಾತಿಗೆ ನಗುತ್ತಿದ್ದರು. ಅವನಿಗೆ ಆ ನಗು ಇಷ್ಟವಾಗುತ್ತಿತ್ತು. ಅವನು ಡಾಕ್ಟರನಲ್ಲ, ಬರಿಯ ಎಂ.ಎಸ್ಸಿ.; ಹೆಣ ಕೊಯ್ಯುವ ಕೋಣೆಯಲ್ಲಿ ಡೆಮಾನ್‌ಸ್ಟ್ರೇಟರ್. ಜೀವವಿರುವವರನ್ನು ಮುಟ್ಟುವ ಅಧಿಕಾರ ಅವನಿಗಿರಲಿಲ್ಲ.

ನಿನ್ನೆ ಶನಿವಾರ, ಫಾರ್ಮಲಿನ್ನಿನ ತೊಟ್ಟಿಯಿಂದ ಎತ್ತಿದ ಮೆದುಳನ್ನು ತಟ್ಟೆಯಲ್ಲಿಟ್ಟು ಎರಡಾಗಿ ಸೀಳಿ ಒಳಗಿನ ಕೋಣೆಗಳನ್ನು ತೋರಿಸುತ್ತಿದ್ದಾಗ ಕ್ಲಾರೆನ್ಸ್ ಎಂಬ ಹುಡುಗ ಕೇಳಿದ್ದ, "ಸರ್, ಈ ನೀರು ಒಳಗೆ ಹುಟ್ಟುತ್ತಾ ಇರುತ್ತದೆ ಅಂದಿರಿ. ಹೊರಗೆ ಹೋಗುವ ದಾರಿ ಮುಚ್ಚಿಹೋದರೆ?" ಅವನು ಎಂದಿನಂತೆ ಉತ್ತರ ಕೊಟ್ಟ. ದೊಡ್ಡವರಲ್ಲಾದರೆ ಬೇಗ ಗೊತ್ತಾಗುತ್ತದೆ, ಬುರುಡೆ ಬಗ್ಗುವುದಿಲ್ಲ, ತಲೆಸಿಡಿತ, ವಾಂತಿ. ಮಕ್ಕಳಲ್ಲಿ ಎಲುಬುಗಳು ಇನ್ನೂ ಕೂಡಿರುವುದಿಲ್ಲವಲ್ಲ, ಬುರುಡೆ ಜಾಗ ಬಿಟ್ಟುಕೊಡುತ್ತದೆ. ತಲೆ ದೊಡ್ಡದಾಗುತ್ತದೆ, ನೆತ್ತಿ ಉಬ್ಬುತ್ತದೆ, ಕಣ್ಣುಗುಡ್ಡೆ ಕೆಳಕ್ಕೆ ಜಾರಿ ಮೇಲೆ ಬಿಳಿ ಕಾಣುತ್ತದೆ. ಹಾಗೆ ಹೇಳುತ್ತ ಹೇಳುತ್ತ ಅವನ ನಾಲಗೆ ತಡೆಯಿತು. ಕಳೆದ ಭಾನುವಾರ ಕಾಪುವಿನ ಅತ್ತೆಮನೆಯಲ್ಲಿ ಮಗಳು ಇಮೆಲ್ಡಾ ಅವನನ್ನು ನೋಡಿದ ನೋಟ ಕಣ್ಣಮುಂದೆ ಬಂತು. ನೋಡಿದ್ದಲ್ಲ, ನೋಡಲು ಕಣ್ಣನ್ನು ಎತ್ತಲಾರದೆ ಕೆಳಗಿನ ರೆಪ್ಪೆಯ ಅಂಚಿನಿಂದ ಇಣುಕಿದ್ದು. "ಮತ್ತೆ ಸರ್?" ಎಂದ ಕ್ಲಾರೆನ್ಸ್. "ಮತ್ತೆ ಎಂತ ಇಲ್ಲ," ಎಂದು ಅವನು ಕೈಗವಸು ಬಿಚ್ಚಿದ. ಮಧ್ಯಾಹ್ನ ಮಕ್ಕಳ ವಿಭಾಗದ ಬಾಗಿಲವರೆಗೆ ಹೋಗಿದ್ದ. ಬೆಂಚಿನ ಮೇಲೆ ತಾಯಂದಿರು ಕೂತಿದ್ದರು. ಒಳಗೆ ಡಾಕ್ಟರ್ ಅಲೆಕ್ಸಾಂಡರ್ ಯಾರೊಡನೆಯೋ ನಗುವುದು ಕೇಳಿಸಿತು. ಆ ನಗು ಅವನಿಗೆ ಪರಿಚಿತವಾಗಿತ್ತು. ಹಾಗೇ ವಾಪಸ್ಸು ಬಂದಿದ್ದ.

ಇಮೆಲ್ಡಾ ಹುಟ್ಟಿದ ಎರಡನೆಯ ವಾರ ಅವಳ ತಲೆಯ ಒಂದು ಬದಿ ಬಾತಿತ್ತು. ಅವನು ಹೆದರಿ, ಅತ್ತೆ ಬೇಡವೆಂದರೂ ಕೇಳದೆ, ಬಾಡಿಗೆ ಕಾರು ಮಾಡಿಸಿ ಹಸಿ ಬಾಣಂತಿಯನ್ನೂ ಮಗುವನ್ನೂ ಮಣಿಪಾಲಕ್ಕೆ ಎಳೆದುಕೊಂಡು ಹೋಗಿದ್ದ. ಅಲೆಕ್ಸಾಂಡರ್ ಬೆರಳಿನಿಂದ ಒಮ್ಮೆ ಒತ್ತಿ ನೋಡಿದ್ದ. "ಹೆರಿಗೆಯಲ್ಲಿ ಇದು ಎಷ್ಟು ಮಕ್ಕಳಿಗೆ ಆಗುತ್ತದೆ ಮಾರಾಯ್ರೇ. ತಾನೇ ಇಳಿಯುತ್ತದೆ. ಹೆಣದ ತಲೆ ನೋಡಿ ನೋಡಿ ನಿಮಗೆ ಜೀವದ ತಲೆ ಗುರುತು ಸಿಗುವುದಿಲ್ಲ ಅಂತ ಕಾಣುತ್ತದೆ." ನಗುವಿನಲ್ಲಿ ಕೆಡುಕಿರಲಿಲ್ಲ. ಬಾತದ್ದು ತಾನೇ ಇಳಿಯಿತು ಕೂಡ. ಆದರೆ ಮಾವ ಬ್ಯಾಪ್ಟಿಸ್ಟ್ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಆಮೇಲೆ ನಾಮಕರಣದ ಊಟದಲ್ಲಿ, ನೆಂಟರ ಮುಂದೆ, ಬಂದವರಿಗೆಲ್ಲ ಆ ಕಥೆ ಬಡಿಸಿದ್ದರು. ಈಗಲೂ ಅವನು ಅಂಗಳಕ್ಕೆ ಕಾಲಿಟ್ಟರೆ, ಬೊಂಬಾಯಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕೂಗಿ ಮಾತನಾಡಿ ರೂಢಿಯಾದ ಆ ಗಂಟಲು ಕೂಗುತ್ತದೆ.

"ಬಂದರು ನೋಡು, ನಮ್ಮ ಹೆಣದ ಡಾಕ್ಟರು! ಅಪೊಲೋನಿಯಾ, ಉಸಿರಾಡುತ್ತಾ ಇರು, ಇಲ್ಲದಿದ್ದರೆ ಕೊಯ್ದು ಬಿಟ್ಟಾರು!"

ಇವತ್ತೂ ಕೂಗಿದರು. ಸ್ಟ್ಯಾನಿಸ್ಲಾಸ್ ನಕ್ಕ. ನಗುವುದು ಸುಲಭವಾಗಿತ್ತು. ಹಿತ್ತಲ ಜಗಲಿಯಲ್ಲಿ ಅತ್ತೆ ಅಪೊಲೋನಿಯಾ ಕಾಲು ಚಾಚಿ ಕೂತು, ಮೊಣಕಾಲುಗಳ ನಡುವೆ ಮಗುವನ್ನು ಮಲಗಿಸಿ ಎಣ್ಣೆ ಹಚ್ಚುತ್ತಿದ್ದಳು. ಪಕ್ಕದ ಮನೆಯ ವೆರೊನಿಕಾ ಬಾಯಿ ಮಗು ನೋಡಲು ಬಂದು ಕಂಬಕ್ಕೆ ಒರಗಿ ಕೂತಿದ್ದಳು. ಈ ಮನೆಯಲ್ಲಿ ಹುಟ್ಟಿದ ಪ್ರತಿ ಕೂಸಿನ ನೆತ್ತಿಗೂ ಅಪೊಲೋನಿಯಾ ಎಣ್ಣೆ ಕುಡಿಸಿದವಳು. ತೆಂಗಿನೆಣ್ಣೆಗೆ ಸೊಪ್ಪಿನ ರಸ ಹಾಕಿ ಕಾಯಿಸಿ, ನೆತ್ತಿಯ ತಗ್ಗಿನಲ್ಲಿ ಒಂದು ಚಮಚ ನಿಲ್ಲಿಸಿ, ಅಂಗೈ ಮುಚ್ಚಿ ಕಾಯುವುದು. ಒಳಗಿನ ಮೆದುಳು ಅದನ್ನು ಹೀರಿ ಬೆಳೆಯುತ್ತದೆ, ಬೆಳೆದ ಹಾಗೆ ತಗ್ಗು ತುಂಬುತ್ತದೆ, ತುಂಬಿದ ದಿನ ಮಗು ಗಟ್ಟಿಯಾಯಿತು ಎಂದು ಲೆಕ್ಕ. ಎಣ್ಣೆ ಎಲುಬಿನೊಳಕ್ಕೆ ಇಳಿಯುವುದಿಲ್ಲವೆಂದು ಅವನಿಗೆ ಗೊತ್ತು. ಆ ತಗ್ಗು ಒಂದೂವರೆ ವರ್ಷಕ್ಕೆ ಎಲುಬು ಬೆಳೆದು ಮುಚ್ಚಬೇಕಾದದ್ದು, ಐದು ತಿಂಗಳಿಗೆ ಉಬ್ಬಿ ತುಂಬಬೇಕಾದದ್ದಲ್ಲ ಎಂಬುದೂ ಗೊತ್ತು. ಕಳೆದ ತಿಂಗಳು ಒಂದು ಬೆಳಿಗ್ಗೆ ಎಣ್ಣೆ ನಿಲ್ಲದೆ ಹಣೆಗೆ ಇಳಿದಾಗ ಅಪೊಲೋನಿಯಾ ಸಂತೋಷದಿಂದ ಕೂಗಿಕೊಂಡು, ಆ ದಿನವೇ ಪಾಯಸ ಮಾಡಿ ನಾಲ್ಕು ಮನೆಗೆ ಹಂಚಿದ್ದಳಂತೆ. ಅವನ ಪಾಲಿನದನ್ನು ಭಾನುವಾರದವರೆಗೆ ಕಾಯಿಸಿ ಕಾಯಿಸಿ ಇಟ್ಟಿದ್ದಳು. ಅವನು ತಿಂದಿದ್ದ. ಸಿಹಿಯಾಗಿತ್ತು.

"ನೋಡು ಪುತಾ, ಒಂದು ತೊಟ್ಟೂ ನಿಲ್ಲುವುದಿಲ್ಲ," ಎಂದಳು ಅಪೊಲೋನಿಯಾ ಅಳಿಯನಿಗೆ, ಎಣ್ಣೆ ಸುರಿದು ತೋರಿಸುತ್ತ. ಅದು ನೆತ್ತಿಯ ದಿಬ್ಬದಿಂದ ಎರಡೂ ಕಡೆ ಜಾರಿ ಕಿವಿಗೆ ಇಳಿಯಿತು. "ನನ್ನ ಐದು ಮಕ್ಕಳಲ್ಲಿ ಒಂದಕ್ಕೂ ಇಷ್ಟು ಬೇಗ ತುಂಬಲಿಲ್ಲ. ಲಿಯೋನೆಲನದ್ದಂತೂ ಎರಡು ವರ್ಷ ಹೊಂಡ."

"ಅದಕ್ಕೇ ಅವನು ಕುವೈಟಿನಲ್ಲಿ ಒಂಟೆ ಎಣಿಸುವುದು," ಎಂದರು ಬ್ಯಾಪ್ಟಿಸ್ಟ್ ಒಳಗಿನಿಂದ.

"ತಲೆ ನೋಡಿ ಸಾಯ್ಬಾ, ಎಷ್ಟು ದೊಡ್ಡದು," ಎಂದಳು ವೆರೊನಿಕಾ ಬಾಯಿ. "ಅಪ್ಪನದ್ದೇ. ಇವಳು ಕಲಿತು ನಿಜವಾದ ಡಾಕ್ಟರು ಆಗುತ್ತಾಳೆ ನೋಡಿ."

ನಿಜವಾದ ಎಂಬ ಮಾತು ಅವಳಿಗೆ ತಿಳಿಯದೆ ಬಂದದ್ದು. ಆದರೂ ಅವನಿಗೆ ಅದು ತಾಗಿತು. ಅಂಥ ಹೊತ್ತಿನಲ್ಲಿ ತಾಗಿತಲ್ಲ ಎಂದು ಅಸಹ್ಯವೂ ಆಯಿತು. ಬಗ್ಗಿ ಮಗುವಿನ ನೆತ್ತಿಯ ಮೇಲೆ ಬೆರಳಿಟ್ಟ. ಸತ್ತವರ ನೂರಾರು ತಲೆಗಳನ್ನು ಹಿಡಿದ ಬೆರಳು. ಕೆಳಗೆ ಮೆತ್ತಗಿರಬೇಕಾದದ್ದು ಬಿಗಿದ ಡೋಲಿನ ಚರ್ಮದಂತಿತ್ತು. ನಾಡಿ ಸಿಗಲಿಲ್ಲ. ಹಣೆಯ ಮೇಲೆ, ಕಪಾಲದ ಮೇಲೆ, ತೆಳ್ಳಗಿನ ಚರ್ಮದಡಿ ನೀಲಿ ನರಗಳು ಹರಡಿದ್ದವು. ಮಲಗಿದ್ದಾಳೆ, ಅದಕ್ಕೇ ಇರಬಹುದು. ಅತ್ತು ಸುಮ್ಮನಾಗಿದ್ದಾಳೆ, ಅದಕ್ಕೇ ಇರಬಹುದು. ಎತ್ತಿ ಕೂರಿಸಿ ನೋಡಬೇಕು. ಶಾಂತವಾಗಿ ಕೂತ ಮಗುವಿನ ನೆತ್ತಿ ತಗ್ಗಬೇಕು, ತಗ್ಗದಿದ್ದರೆ ಅನುಮಾನವಿಲ್ಲ. ಕೂರಿಸಿ ಎಂದು ಹೇಳುವುದಕ್ಕೆ ಬಾಯಿ ತೆರೆದ. "ಮಾಯ್, ಎಣ್ಣೆ ಸ್ವಲ್ಪ ಕಡಿಮೆ ಹಾಕಿದರೆ..." ಎಂದು ಅತ್ತೆಗೆ ಹೇಳುವಷ್ಟು ಮಾತ್ರ ಬಂತು.

"ಶುರುವಾಯಿತಾ?" ಎಂದರು ಬ್ಯಾಪ್ಟಿಸ್ಟ್ ಬಾಗಿಲಿಗೆ ಬಂದು. "ಕಾರು ಹೇಳಿ ಕಳಿಸಲಾ?"

ಎಲ್ಲರೂ ನಕ್ಕರು. ಅವನೂ ನಕ್ಕ. ಒಳಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಝೀಟಾ ಮಾತ್ರ ನಗಲಿಲ್ಲ, ಅವನ ಬೆರಳನ್ನೇ ನೋಡುತ್ತಿದ್ದಳು. ಅದನ್ನು ಅವನು ಕಂಡ. ಕಂಡು, ಬೆರಳನ್ನು ಎತ್ತಿ, ಎಣ್ಣೆಯನ್ನು ಕರ್ಚೀಫಿಗೆ ಒರೆಸಿಕೊಂಡ.

ಊಟಕ್ಕೆ ಹಂದಿಮಾಂಸ, ಇಡ್ಲಿಯಂಥ ಸಾನ್ನಾ. ಮಾವ ತುರ್ತುಪರಿಸ್ಥಿತಿಯ ಬಗ್ಗೆ ಮಾತನಾಡಿದರು, ಬಸ್ಸು ಈಗ ಸಮಯಕ್ಕೆ ಸರಿಯಾಗಿ ಬರುತ್ತದೆಯೋ ಎಂದು ಕೇಳಿದರು. ಅವನು ಹೌದೆಂದ. ಬಾಯಿ ಅಗಿಯುತ್ತಿತ್ತು, ಇನ್ನೊಂದು ಕಡೆ ಅವನು ಹೇಳಬೇಕಾದ ವಾಕ್ಯವನ್ನು ಜೋಡಿಸುತ್ತಿದ್ದ, ಜೋಡಿಸಿದ್ದನ್ನು ಕಳಚುತ್ತಿದ್ದ. ಸುಮ್ಮನೆ ತೋರಿಸಿಕೊಂಡು ಬರುವ. ಇಲ್ಲ, ಸುಮ್ಮನೆ ಏಕೆ ಎನ್ನುತ್ತಾರೆ. ತಲೆ ಅಳೆಸಿ ಬರುವ. ಅಳೆಯುವುದೆಂದರೆ ದೃಷ್ಟಿ ತಾಗಿದಂತೆ ಎಂದು ಮಾಯ್ ಬಿಡುವುದಿಲ್ಲ. ಈಸ್ಟರ್ ಕಳೆದರೆ ತಾಯಿ ಮಗು ಮಣಿಪಾಲದ ಬಾಡಿಗೆ ಮನೆಗೆ ಬರುವವರೇ. ಆಗ ಯಾರಿಗೂ ಹೇಳದೆ ಒಂದು ಬೆಳಿಗ್ಗೆ ತೋರಿಸಬಹುದು, ಏನೂ ಇಲ್ಲವೆಂದಾದರೆ ಯಾರಿಗೂ ಗೊತ್ತಾಗುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂಬುದರ ಬಳಿ ಬಂದಾಗಲೆಲ್ಲ ಮನಸ್ಸು ಬಿಸಿಲಿನಿಂದ ನೆರಳಿಗೆ ಬಂದಂತೆ ನಿಂತುಬಿಡುತ್ತಿತ್ತು. ಕಾರ್ಕಳದಲ್ಲಿ, ಅವನು ಚಿಕ್ಕವನಿದ್ದಾಗ, ಜ್ವರ ಏರಿದರೆ ಅಮ್ಮ ಅವನ ಮೈಗೆ ಕಂಬಳಿ ಹೊದೆಸಿ ಹಣೆಗೆ ಮಾತ್ರ ಒದ್ದೆ ಬಟ್ಟೆ ಹಾಕುತ್ತಿದ್ದಳು. ಮೈ ಸುಡಲಿ, ತಲೆ ತಂಪಿರಲಿ, ಅನ್ನುವಳು. ಬಟ್ಟೆ ಬಿಸಿಯಾದ ಹಾಗೆ ತೆಗೆದು, ಹಿಂಡಿ, ಮತ್ತೆ ಹಾಕಿ, ರಾತ್ರಿಯೆಲ್ಲ. ಅವಳು ಓದಿದವಳಲ್ಲ. ತಪ್ಪಾದೀತೋ ಎಂಬ ಯೋಚನೆ ಅವಳಿಗೆ ಬಂದಿತ್ತೇ? ತನ್ನನ್ನು ನೋಡಿ ಯಾರಾದರೂ ನಗುವರೋ ಎಂದು ಅವಳ ಕೈ ಒಮ್ಮೆಯಾದರೂ ಬಟ್ಟೆ ಹಿಡಿದು ನಿಂತಿತ್ತೇ? ತಟ್ಟೆಯಲ್ಲಿ ಇನ್ನೊಂದು ಸಾನ್ನಾ ಬಿತ್ತು. "ತಿನ್ನು ಪುತಾ," ಎಂದಳು ಅಪೊಲೋನಿಯಾ, "ಮಣಿಪಾಲದಲ್ಲಿ ನಿನಗೆ ಯಾರು ಮಾಡಿ ಹಾಕುತ್ತಾರೆ?"

ಊಟದ ಮೇಲೆ ಮನೆ ಮಲಗಿತು. ಝೀಟಾ ಒಳಕೋಣೆಯಲ್ಲಿ ಚಾಪೆಯ ಮೇಲೆ ಕೂತು ಮೊಲೆಯೂಡಿಸುತ್ತಿದ್ದಳು. ಅವನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ. ಮಗು ಸ್ವಲ್ಪ ಕುಡಿಯಿತು, ಮುಖ ತಿರುಗಿಸಿತು, ಆಮೇಲೆ ಕುಡಿದದ್ದೆಲ್ಲ ರಭಸದಿಂದ ಹೊರಗೆ ಬಂತು. ಝೀಟಾ ಗಾಬರಿಯಾಗಲಿಲ್ಲ. ಪಕ್ಕದಲ್ಲಿ ಮಡಚಿಟ್ಟಿದ್ದ ಬಟ್ಟೆಯ ರಾಶಿಯಿಂದ ಒಂದನ್ನು ತೆಗೆದು ಒರೆಸಿದಳು. ರಾಶಿ ದೊಡ್ಡದಿತ್ತು.

"ದಿನಾ ಹೀಗೆ ಆಗುತ್ತದಾ?"

"ದಿನಾ."

ಅವಳು ಮಗುವನ್ನು ಎತ್ತಿ ತೊಡೆಯ ಮೇಲೆ ನೇರ ಕೂರಿಸಿದಳು. ತಲೆ ನಿಲ್ಲಲಿಲ್ಲ. ಐದು ತಿಂಗಳ ಕುತ್ತಿಗೆ ಅದನ್ನು ಹೊರಲಾರದೆ ಒಂದು ಪಕ್ಕಕ್ಕೆ ಬಾಗಿತು. ಝೀಟಾ ಅಂಗೈಯನ್ನು ಅದಕ್ಕೆ ಆನಿಸಿದಳು. ಆ ಅಂಗೈ ಎಷ್ಟು ತಾನಾಗಿ ಹೋಯಿತೆಂದರೆ ವಾರಗಳಿಂದ ಅದರ ಕೆಲಸ ಅದೇ ಎಂದು ಅವನಿಗೆ ತಿಳಿಯಿತು. ಮಗು ಅಳುತ್ತಿರಲಿಲ್ಲ. ಶಾಂತವಾಗಿತ್ತು, ನೇರ ಕೂತಿತ್ತು. ನೆತ್ತಿ ತಗ್ಗಲಿಲ್ಲ. ಕಿಟಕಿಯ ಬೆಳಕಿಗೆ ಅದು ಹೊಳೆಯುವ ಒಂದು ಗುಳ್ಳೆಯಂತೆ ಎದ್ದು ನಿಂತಿತ್ತು.

"ನಾಮಕರಣದ ಟೊಪ್ಪಿ ಆಗುವುದಿಲ್ಲ," ಎಂದಳು ಝೀಟಾ, ಅವನನ್ನು ನೋಡದೆ. "ಇನ್ನೊಂದು ಹೆಣೆದೆ. ಅದೂ ಆಗಲಿಲ್ಲ. ಈಗಿನದ್ದು ಲಿಯೋನೆಲನ ಮಗನದ್ದು, ಅವನಿಗೆ ಎರಡು ವರ್ಷ."

"ನನಗೆ ಯಾಕೆ ಹೇಳಲಿಲ್ಲ?"

ಈಗ ಅವಳು ತಲೆಯೆತ್ತಿ ನೋಡಿದಳು. ಸಿಟ್ಟಿರಲಿಲ್ಲ. ಆಶ್ಚರ್ಯವಿತ್ತು.

"ನಿಮಗೆ ಹೇಳುವುದು ಎಂತ? ತಲೆಯ ವಿಷಯ ನಿಮಗಿಂತ ಹೆಚ್ಚು ಯಾರಿಗೆ ಗೊತ್ತುಂಟು? ಪ್ರತಿ ಭಾನುವಾರ ನೀವು ಬರುತ್ತೀರಿ, ಮುಟ್ಟಿ ನೋಡುತ್ತೀರಿ, ಏನೂ ಹೇಳುವುದಿಲ್ಲ. ನೀವು ಹೋದ ಮೇಲೆ ನಾನು ಅಂದುಕೊಳ್ಳುತ್ತೇನೆ, ಅವರು ಏನೂ ಹೇಳಲಿಲ್ಲ, ಹಾಗಾದರೆ ಹೆದರುವಂಥದ್ದು ಏನೂ ಇಲ್ಲ. ಸೋಮವಾರ ಮತ್ತೆ ಹೆದರಿಕೆ ಆಗುತ್ತದೆ. ಭಾನುವಾರದವರೆಗೆ ಕಾಯುತ್ತೇನೆ."

ಹೊರಗೆ ಯಾರೋ ಬಾವಿಯಿಂದ ನೀರು ಸೇದುತ್ತಿದ್ದರು. ರಾಟೆಯ ಸದ್ದು ಬಂತು, ನಿಂತಿತು, ಬಂತು. ಅವನು ತನ್ನ ಮೌನವನ್ನು ಈವರೆಗೆ ತನ್ನದೇ ಎಂದುಕೊಂಡಿದ್ದ. ಒಬ್ಬ ಅಳ್ಳೆದೆಯವನ ಸ್ವಂತ ಆಸ್ತಿ, ಯಾರಿಗೂ ಲಾಭವಿಲ್ಲ, ಯಾರಿಗೂ ನಷ್ಟವಿಲ್ಲ. ಅದನ್ನೇ ಇವಳು ವಾರವಾರ ಔಷಧಿಯಂತೆ ಕುಡಿದಿದ್ದಳು. "ಎದ್ದೇಳು," ಎಂದ. "ಮಗುವಿಗೆ ಬಟ್ಟೆ ಹಾಕು. ಈಗಲೇ ಹೋಗುವ."

"ಮಣಿಪಾಲಕ್ಕಾ?"

"ಹೌದು."

ಝೀಟಾ ಎದ್ದು ಮೂಲೆಗೆ ಕೈಚಾಚಿದಳು. ಚೀಲ ಸಿದ್ಧವಾಗಿಯೇ ಇತ್ತು. ಅದನ್ನು ಅವಳು ಎಂದು ಕಟ್ಟಿಟ್ಟಿದ್ದಳೋ ಕೇಳುವ ಧೈರ್ಯ ಅವನಿಗಾಗಲಿಲ್ಲ. ಅವನು ಹೇಳಿ ಕಳಿಸಿದ ಬಾಡಿಗೆ ಕಾರು ಬಂದು ಅಂಗಳದ ಹೊರಗೆ ಹಾರನ್ ಹೊಡೆದಾಗ ಬ್ಯಾಪ್ಟಿಸ್ಟ್ ಬನಿಯನ್ನಿನಲ್ಲೇ ಎದ್ದು ಬಂದರು. "ಎಂತ ಇದು, ನಾನು ತಮಾಷೆಗೆ ಹೇಳಿದ್ದಪ್ಪಾ," ಎಂದರು. ಅಳಿಯನ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡು, ತಾವೇ ಹೋಗಿ ಕಾರಿನ ಬಾಗಿಲು ತೆಗೆದು ಹಿಡಿದರು. ಅಪೊಲೋನಿಯಾ ಅಂಗಳದವರೆಗೆ ಓಡಿಬಂದಳು. ಅವಳ ಕೈಯಲ್ಲಿ ಎಣ್ಣೆಯ ವಾಸನೆ ಇನ್ನೂ ಇತ್ತು.

"ಸ್ಟ್ಯಾನಿ, ಎಂತ ಆಯಿತು ಹೇಳು. ನನ್ನ ಎಣ್ಣೆಯಿಂದ ಆಯಿತಾ? ನಾನು ಹೆಚ್ಚು ಹಾಕಿದೆನಾ ಪುತಾ?"

ಇಲ್ಲ ಮಾಯ್, ಎಣ್ಣೆಗೂ ಇದಕ್ಕೂ ಸಂಬಂಧವೇ ಇಲ್ಲ. ಈ ಉತ್ತರ ಅವನ ಬಾಯಲ್ಲಿತ್ತು. ಹೇಳಲು ಒಂದು ಉಸಿರು ಸಾಕಿತ್ತು. ಆದರೆ ಆ ಮುದಿಮುಖದ ಮೇಲೆ ಅಪರಾಧ ಬಂದು ಕೂತದ್ದನ್ನು ನೋಡಿದಾಗ ತನ್ನ ಎದೆಯಿಂದ ಯಾವುದೋ ಭಾರ ಒಂದು ಕ್ಷಣ ಇಳಿದಂತಾಯಿತು. ಆ ಹಗುರವನ್ನು ಅವನು ಬಿಡಲಾರದೆ ಹೋದ. ಕಾರಿನೊಳಗೆ ಕೂತ. ಬಾಗಿಲು ಮುಚ್ಚಿತು. ಕಟಪಾಡಿ ದಾಟುವವರೆಗೂ ಅವನಿಗೆ ಆ ಪ್ರಶ್ನೆ ಕೇಳಿಸುತ್ತಲೇ ಇತ್ತು. ವಾಪಸ್ಸು ತಿರುಗಿಸು ಎಂದು ಡ್ರೈವರನಿಗೆ ಹೇಳುವಂತಿರಲಿಲ್ಲ. ಝೀಟಾ ಎರಡೂ ಅಂಗೈಗಳಲ್ಲಿ ಮಗುವಿನ ತಲೆಯನ್ನು ಹಿಡಿದು, ಪ್ರತಿ ಹೊಂಡಕ್ಕೂ ತನ್ನ ಮೊಣಕೈಗಳನ್ನು ಸ್ವಲ್ಪ ಮೇಲೆತ್ತಿ, ಕುಲುಕು ಅದರವರೆಗೆ ಹೋಗದಂತೆ ತಡೆಯುತ್ತಿದ್ದಳು.

ಭಾನುವಾರವಾದ್ದರಿಂದ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಡ್ಯೂಟಿಯಲ್ಲಿದ್ದವಳು ಕುಶಲಾ. ಕೆಲವು ವರ್ಷಗಳ ಹಿಂದೆ ಅವನ ಟೇಬಲಿನಲ್ಲೇ ಕೊಯ್ಯುವುದನ್ನು ಕಲಿತ ಹುಡುಗಿ, ಈಗ ಡಾಕ್ಟರು. "ಸರ್, ನೀವು!" ಎಂದು ಎದ್ದು ನಿಂತಳು. ಮಗುವಿನ ಮೇಲೆ ಕಣ್ಣು ಬಿದ್ದೊಡನೆ ಅವಳ ನಗು ನಿಂತುಹೋಯಿತು. ಟೇಪು ತಂದು ತಲೆಯ ಸುತ್ತ ಹಿಡಿದಳು, ಮತ್ತೊಮ್ಮೆ ಹಿಡಿದಳು. ನೆತ್ತಿ ಮುಟ್ಟಿದಳು. ಕಣ್ಣಿನ ಮುಂದೆ ಬೆರಳಾಡಿಸಿದಳು.

"ಯಾವಾಗಿನಿಂದ ಹೀಗೆ, ಸರ್?"

"ಒಂದು ತಿಂಗಳು... ಹೆಚ್ಚೇ ಇರಬಹುದು."

ಅವಳು ಟೇಪನ್ನು ಸುರುಳಿ ಸುತ್ತಿದಳು. ಆ ಕೋಳಿಮೊಟ್ಟೆಯ ಮಾತಿಗೆ ನಕ್ಕವರಲ್ಲಿ ಇವಳೂ ಇದ್ದಳೇ ಎಂದು ನೆನಪಿಸಿಕೊಳ್ಳಲು ಅವನು ಪ್ರಯತ್ನಿಸಿದ. ಕುಶಲಾ ಝೀಟಾಳ ಕಡೆಗೆ ತಿರುಗಿ ಬಿಡಿಸಿ ಹೇಳಿದಳು: ತಲೆಯೊಳಗೆ ನೀರು ಕಟ್ಟಿಕೊಂಡಿದೆ, ನಾಳೆ ದೊಡ್ಡ ಡಾಕ್ಟರು ನೋಡುತ್ತಾರೆ, ನೀರನ್ನು ಹೊಟ್ಟೆಗೆ ಇಳಿಸುವ ಸಣ್ಣ ಕೊಳವೆ ಹಾಕುವ ಆಪರೇಷನ್ ಉಂಟು. "ಹಾಕಿದರೆ ಸರಿಯಾಗುತ್ತದಾ?" ಎಂದಳು ಝೀಟಾ. "ತಲೆ ಇನ್ನೂ ದೊಡ್ಡದಾಗುವುದು ನಿಲ್ಲುತ್ತದೆ," ಎಂದಳು ಕುಶಲಾ. "ಒಳಗೆ ಎಷ್ಟು ಉಳಿದಿದೆ ಅಂತ ಒಮ್ಮೆ ನೋಡುವ, ಅಲ್ವಾ?" ಕೊನೆಯ ಮಾತನ್ನು ಹೇಳುವಾಗ ಅವಳು ನೋಡಿದ್ದು ಅವನನ್ನು.

ಪಕ್ಕದ ಸಣ್ಣ ಕೋಣೆಗೆ ಕರೆದೊಯ್ದು ನರ್ಸು ಕಿಟಕಿಯ ಹಲಗೆಗಳನ್ನು ಮುಚ್ಚಿದಳು. ಸಂಜೆಯ ಬೆಳಕು ಪೂರ್ತಿ ಹೋಯಿತು. ಕತ್ತಲೆಗೆ ಕಣ್ಣು ಹೊಂದಲಿ ಎಂದು ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಮಗುವಿನ ಉಸಿರು ಕೇಳುತ್ತಿತ್ತು. ಏನು ಮಾಡಲಿದ್ದಾಳೆಂದು ಅವನಿಗೆ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದ, ಕಂಡಿರಲಿಲ್ಲ. ಸತ್ತ ತಲೆಗಳಿಗೆ ಇದನ್ನು ಮಾಡುವುದಿಲ್ಲ. ಕುಶಲಾ ರಬ್ಬರಿನ ಬಳೆ ಕಟ್ಟಿದ ಟಾರ್ಚಿನ ಬಾಯನ್ನು ಮಗುವಿನ ಕಿವಿಯ ಮೇಲ್ಭಾಗಕ್ಕೆ ಒತ್ತಿ ಹಿಡಿದು ಗುಂಡಿ ಒತ್ತಿದಳು. ಟಾರ್ಚಿನ ಸುತ್ತ ಬೆರಳಗಲದ ಒಂದು ಕೆಂಪು ಅಂಚು ಮಾತ್ರ ಕಾಣಲಿ ಎಂದು ಅವನು ಬೇಡಿಕೊಂಡ. ಅಂಚು ಅಗಲವಾಯಿತು. ಹರಡಿತು. ನೆತ್ತಿಯನ್ನು ದಾಟಿ ಇನ್ನೊಂದು ಬದಿಗೆ ಹೋಯಿತು. ಇಡೀ ತಲೆ ಒಳಗಿನಿಂದ ಬೆಳಗಿ, ನಸುಗೆಂಪಾಗಿ, ಒಂದೊಂದು ನರವೂ ಎಲೆಯ ನರದಂತೆ ತಿಳಿಯಾಗಿ, ಕತ್ತಲೆಯಲ್ಲಿ ತಾನೊಂದೇ ತೇಲುತ್ತಿರುವಂತೆ ಕಂಡಿತು. ಅದರ ಬೆಳಕಿನಲ್ಲಿ ಝೀಟಾಳ ಮುಖ ಕಾಣುತ್ತಿತ್ತು. ಆ ಮುಖದ ಮೇಲೆ, ಎಷ್ಟೋ ವಾರಗಳ ನಂತರ, ನಗುವಿನಂಥದ್ದು ಮೂಡುತ್ತಿತ್ತು.

"ನೋಡಿ," ಎಂದಳು ಅವಳು ಪಿಸುಮಾತಿನಲ್ಲಿ, ಅವನ ತೋಳು ಹಿಡಿದು. "ಎಷ್ಟು ಬೆಳಕು! ಕ್ರಿಸ್ಮಸಿನ ನಕ್ಷತ್ರದ ಹಾಗೆ. ಒಳಗೆ ಎಲ್ಲ ಚೆನ್ನಾಗಿ ಉಂಟು ಅಲ್ವಾ?"

ಕುಶಲಾ ಬಾಯಿ ತೆರೆದು ಮುಚ್ಚಿದಳು. ಅವಳಿಗೆ ಬಿಟ್ಟರೆ ಅವಳು ಹೇಳುತ್ತಾಳೆ. ಮೆತ್ತಗೆ, ಕಲಿತ ಮಾತುಗಳಲ್ಲಿ, ಸ್ವಲ್ಪ ಹೇಳಿ ಸ್ವಲ್ಪ ನಾಳೆಗೆ ಉಳಿಸಿ. ಅದು ಅವಳ ಕೆಲಸ, ಡಾಕ್ಟರರ ಕೆಲಸ. ತೋಳಿನ ಮೇಲೆ ಝೀಟಾಳ ಬೆರಳುಗಳು ಕಾಯುತ್ತಿದ್ದವು, ಅವನು ಸುಮ್ಮನಿದ್ದರೆ ಸಾಕು, ಅವು ಸಡಿಲವಾಗುತ್ತವೆ.

"ಇಲ್ಲ ಝೀಟಾ," ಎಂದ ಅವನು. "ಮೆದುಳು ಇದ್ದಲ್ಲಿ ಬೆಳಕು ದಾಟುವುದಿಲ್ಲ. ಇದು ಕಾಣಬಾರದಿತ್ತು. ಅದೆಲ್ಲ ನೀರು."

ಬೆರಳುಗಳು ತೋಳನ್ನು ಬಿಡಲಿಲ್ಲ. ಬಿಗಿಯಾದವು, ಉಗುರು ಊರಿತು. ಅವನು ಕೈ ಎಳೆದುಕೊಳ್ಳಲಿಲ್ಲ. ಕುಶಲಾ ಟಾರ್ಚು ಆರಿಸಿದಳು. ಕತ್ತಲೆಯಲ್ಲಿ ಮಗು ಒಮ್ಮೆ ಸೀನಿತು. ಕಿಟಕಿ ತೆರೆಯಲು ಸ್ವಲ್ಪ ಹೊತ್ತು ಯಾರೂ ಹೋಗಲಿಲ್ಲ.